ಅಗ್ಗದ ಸೆನ್ಸರ್ ಕೊಡೋ ಅಂಕಿಯನ್ನ ನಂಬಬಹುದಾ?

*ಅಕ್ಕ:* (ಫಾರ್ವರ್ಡ್ ಆದದ್ದು) "ಗಾಳಿ, ನೀರು, ಮಣ್ಣು ನೀವೇ ಅಳೆಯಿರಿ! ಒಂದು ಆರ್ಡುಯಿನೊ ಬೋರ್ಡ್ (ಸೆನ್ಸರ್ ಜೋಡಿಸಿ ಕೋಡ್ ಹಾಕೋ ಪುಟ್ಟ ಕಂಪ್ಯೂಟರ್ ಹಲಗೆ), ಕೆಲವು ಸೆನ್ಸರ್, ಉಚಿತ ಕೋಡ್ ಇದ್ದರೆ ಸಾಕು. ಬೇಕಾದ ಸೆನ್ಸರ್‌ಗಳ ಪಟ್ಟಿ ಕೆಳಗಿದೆ."

*ಅಕ್ಕ:* ರಜೆಯಲ್ಲಿ ಮಕ್ಕಳ ಕೈಲಿ ಇದನ್ನೇ ಮಾಡಿಸ್ತೀನಿ.

*ದೊಡ್ಡಪ್ಪ:* ಮಾಡಿಸಮ್ಮ. ಆದ್ರೆ "ಇದ್ದರೆ ಸಾಕು" ಅಂತ ಬರೆದಿದಾರಲ್ಲ, ಅದು ತಪ್ಪು. ಆ ಪಟ್ಟಿ ನೋಡು, ಕಾರ್ಬನ್ ಡೈಆಕ್ಸೈಡ್ ಅಳೆಯೋಕೆ ಎಂಕ್ಯೂ-135 ಅನ್ನೋ ಅಗ್ಗದ ಅನಿಲ ಸೆನ್ಸರ್ ಹಾಕಿದಾರೆ. ಅದು ಅಮೋನಿಯಾ, ಹೊಗೆ, ಆಲ್ಕೋಹಾಲ್ ಆವಿ ಎಲ್ಲಕ್ಕೂ ಸ್ಪಂದಿಸುತ್ತೆ, ಯಾವುದು ಅಂತ ಬೇರೆ ಮಾಡಿ ಹೇಳೋಕೆ ಅದಕ್ಕಾಗಲ್ಲ. ಕಾರ್ಬನ್ ಡೈಆಕ್ಸೈಡ್‌ಗೆ ಇನ್‌ಫ್ರಾರೆಡ್ ಬೆಳಕಿನ ಸೆನ್ಸರ್ ಬೇಕು. ನಾನು ಲ್ಯಾಬಲ್ಲಿ ಕೆಲಸ ಮಾಡಿದವನು, ಆಧಾರ ಇಲ್ಲದ ಅಂಕಿ ಕಂಡ್ರೆ ಸುಮ್ನಿರೋಕಾಗಲ್ಲ.

*ಭಾವ:* ದೊಡ್ಡಪ್ಪ, ಅದೊಂದು ಕೆಟ್ಟದ್ದು ಅಂತ ಎಲ್ಲವನ್ನೂ ತಳ್ಳಿಹಾಕೋದು ಬೇಡ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಅಣು ದುರಂತ ಆದಾಗ ಜನಕ್ಕೆ ತಮ್ಮ ಬೀದಿಯ ವಿಕಿರಣ ಎಷ್ಟು ಅಂತ ಸರಿಯಾಗಿ ಸಿಗ್ತಿರಲಿಲ್ಲ. ಸೇಫ್‌ಕಾಸ್ಟ್ ಅನ್ನೋ ಗುಂಪಿನ ಸ್ವಯಂಸೇವಕರು ತಾವೇ ವಿಕಿರಣ ಅಳೆಯೋ ಗೈಗರ್ ಕೌಂಟರ್ ಜೋಡಿಸಿ, ಜಿಪಿಎಸ್ ಸೇರಿಸಿ, ಕಾರಿಗೆ ಕಟ್ಟಿಕೊಂಡು ಊರೂರು ಸುತ್ತಿದ್ರು. ಆ ಮಾಹಿತಿ ಇವತ್ತಿಗೂ ಯಾರು ಬೇಕಾದ್ರೂ ಬಳಸಬಹುದು.

*ದೊಡ್ಡಪ್ಪ:* ಅಳಿಯಂದಿರೇ, ಅದರ ಒಳಗೆ ಇದ್ದದ್ದು ವೃತ್ತಿಪರ ಉಪಕರಣಗಳಿಗೆ ಹಾಕೋ ಗೈಗರ್ ಟ್ಯೂಬ್. ಅಳೆಯೋ ಭಾಗದಲ್ಲಿ ಅವರು ರಾಜಿ ಮಾಡ್ಕೊಳ್ಳಲಿಲ್ಲ. ನನ್ನ ಮಾತೂ ಅಷ್ಟೇ.

*ಚಿಕ್ಕಮ್ಮ:* ನೀರಿಗೆ ಟಿಡಿಎಸ್ ಮೀಟರ್ ಇದೆಯಲ್ಲ, ಕಡಿಮೆ ಬಂದ್ರೆ ಶುದ್ಧ ತಾನೇ?

*ದೊಡ್ಡಪ್ಪ:* ಇಲ್ಲಮ್ಮ. ಅದು ನೀರಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ನೋಡಿ ಕರಗಿದ ಲವಣದ ಅಂದಾಜು ಕೊಡುತ್ತೆ. ರೋಗಾಣು ಇದ್ರೂ ಗೊತ್ತಾಗಲ್ಲ.

*ನಾನು:* ದೂಳಿನ ಸೆನ್ಸರ್ ವಿಷಯ ಹೇಳ್ತೀನಿ, ಮಕ್ಕಳಿಗೆ ಅದೇ ಒಳ್ಳೇದು. ಪುಟ್ಟ ಫ್ಯಾನ್ ಗಾಳಿ ಎಳೆಯುತ್ತೆ, ಲೇಸರ್ ಮುಂದೆ ಕಣ ಹಾದುಹೋದಾಗ ಬೆಳಕು ಚದುರುತ್ತೆ, ಅದನ್ನ ಹಿಡಿದು ಲೆಕ್ಕ ಹಾಕುತ್ತೆ. ತೂಕ ಮಾಡಲ್ಲ, ಊಹಿಸುತ್ತೆ. ತೇವ ಜಾಸ್ತಿ ಇದ್ರೆ ಕಣಗಳು ನೀರು ಹೀರಿ ಊದಿಕೊಳ್ತವೆ. ಮಂಜು ಬಿದ್ದ ಬೆಳಗ್ಗೆ ಮಂಜಿನ ಹನಿಯನ್ನೂ ದೂಳು ಅಂತ ಎಣಿಸಿಬಿಡುತ್ತೆ, ಪಿಎಂ 2.5, ಅಂದ್ರೆ ಗಾಳಿಯಲ್ಲಿರೋ ಅತಿ ಸಣ್ಣ ಕಣಗಳ ಅಂಕಿ, ಸುಮ್ನೆ ಏರಿಬಿಡುತ್ತೆ.

*ದೊಡ್ಡಪ್ಪ:* ಅದಕ್ಕೇ ನಂಬಬೇಡಿ ಅಂದಿದ್ದು.

*ಭಾವ:* ತಿದ್ದಿ ನಂಬಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು ಕಾಳ್ಗಿಚ್ಚಿನ ಹೊಗೆ ನಕ್ಷೆಗೆ 2020ರಲ್ಲಿ ಪರ್ಪಲ್‌ಏರ್ ಅನ್ನೋ ಕಂಪನಿಯ ಅಗ್ಗದ ದೂಳಿನ ಸೆನ್ಸರ್‌ಗಳನ್ನ ಸೇರಿಸಿದ್ರು. ಬಂದ ಅಂಕಿಯನ್ನ ಹಾಗೇ ಹಾಕಲಿಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ತೇವಾಂಶದ ಲೆಕ್ಕವನ್ನೂ ಸೇರಿಸಿ ತಿದ್ದಿದ್ರು. ಆ ಪೆಟ್ಟಿಗೆಯ ವಿನ್ಯಾಸ ಮುಕ್ತ ಅಲ್ಲ, ಅಂದ್ರೆ ಯಾರು ಬೇಕಾದ್ರೂ ನೋಡಿ ಬದಲಿಸೋ ಹಾಗಿಲ್ಲ, ಒಪ್ತೀನಿ. ಒಳಗಿನ ದೂಳಿನ ಸೆನ್ಸರ್ ಮಾತ್ರ ಇದೇ ಜಾತಿದು.

*ನಾನು:* ದೊಡ್ಡಪ್ಪ, ಮುಕ್ತ ಅನ್ನೋದು ಇಲ್ಲೇ ಕೆಲಸಕ್ಕೆ ಬರೋದು. ಮುಚ್ಚಿದ ಪೆಟ್ಟಿಗೆ 80 ಅಂತ ತೋರಿಸಿದ್ರೆ ಅದು ಮೂಲ ಅಂಕಿಯೋ ತಿದ್ದಿದ್ದೋ ನಮಗೆ ಗೊತ್ತಾಗಲ್ಲ. ನಮ್ಮ ಕೋಡಲ್ಲಿ ಅಂಕಿ ತಿದ್ದೋಕೆ ಗುಣಿಸಿರೋ ಸಾಲು ಕಣ್ಣೆದುರೇ ಇರುತ್ತೆ. ನೀವೇ ಓದಿ ತಪ್ಪು ಹಿಡೀಬಹುದು.

*ದೊಡ್ಡಪ್ಪ:* ಆ ಮಾತು ಒಪ್ಪಿದೆ. ಹಾಗಾದ್ರೆ ಒಂದಲ್ಲ, ಎರಡು ಸೆನ್ಸರ್ ಅಕ್ಕಪಕ್ಕ ಇಡಿ. ಎರಡೂ ಒಂದೇ ಥರ ಹೇಳದಿದ್ರೆ ಒಂದು ಕೆಟ್ಟಿದೆ ಅಂತ. ಆಮೇಲೆ ಸರ್ಕಾರದ ಮಾಪನ ಕೇಂದ್ರದ ಹತ್ತಿರ ಕೆಲವು ವಾರ ಇಟ್ಟು ಹೋಲಿಸಿ, ತೇವಾಂಶವನ್ನೂ ಬರೆದಿಡಿ. ತಿದ್ದಿದ ಅಂಕಿ ಮಾತ್ರ ಕಳಿಸಿದ್ರೆ ನಾನು ನೋಡಲ್ಲ, ಮೂಲ ಅಂಕಿಯೂ ಬೇಕು.

*ಅಕ್ಕ:* ಆಯ್ತು. ಎಂಕ್ಯೂ-135 ಪಟ್ಟಿಯಿಂದ ತೆಗೆದೆ. ಮಕ್ಕಳು ಎರಡೂ ಅಂಕಿ ಒಂದೇ ಹಾಳೆಯಲ್ಲಿ ಹಾಕಿ ನಿಮಗೆ ಕಳಿಸ್ತಾರೆ.

*ನಾನು:* ತೇವಾಂಶದ ಸೆನ್ಸರ್‌ಗೆ ಬಿಸಿಲು, ಮಳೆ ತಾಗಬಾರದು, ಗಾಳಿ ಮಾತ್ರ ಆಡಬೇಕು. ಗೂಡು ಹೇಗೆ ಮಾಡೋದು ಅಂತ ರಾತ್ರಿ ಚಿತ್ರ ಬರೆದು ಹಾಕ್ತೀನಿ.