ದೀಪದ ಬೆಳಕಲ್ಲಿ ತೆಗೆದ ಅಜ್ಜಿ ಫೋಟೋ ಕಾಳು ಕಾಳಾಗಿದೆ, ಏನು ಮಾಡಲಿ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಸಾರ್. ಹೋದ ವರ್ಷ ಉತ್ಥಾನ ದ್ವಾದಶಿ ಸಂಜೆ ನಮ್ಮೂರಲ್ಲಿ ಕರೆಂಟ್ ಇರಲಿಲ್ಲ. ತುಳಸಿಕಟ್ಟೆ ಮುಂದೆ ಅಜ್ಜಿ ದೀಪ ಹಚ್ಚುವಾಗ ಒಂದು ಫೋಟೋ ತೆಗೆದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸ್, ಐಎಸ್‌ಒ (ಸಿಕ್ಕ ಬೆಳಕನ್ನು ಹಿಗ್ಗಿಸೋ ಸೆಟ್ಟಿಂಗ್) 6400, ಶಟರ್ 1/30. ಅಷ್ಟಾದರೂ ಕತ್ತಲೆ. ಅಜ್ಜಿ ಈಗಿಲ್ಲ. ಮುಂದಿನ ತಿಂಗಳು ವರ್ಷಾಂತಿಕ, 12x18 ಇಂಚು ಅಳತೆಗೆ ಫ್ರೇಮ್ ಹಾಕಿಸಬೇಕು. ಲೈಟ್‌ರೂಮಲ್ಲಿ (ಫೋಟೋ ತಿದ್ದೋ ಸಾಫ್ಟ್‌ವೇರ್) ಎಕ್ಸ್‌ಪೋಷರ್ 2 ಸ್ಟಾಪ್ ಏರಿಸಿದರೆ ಸೀರೆ ಮೇಲೆಲ್ಲ ಕೆಂಪು, ಹಸಿರು ಚುಕ್ಕೆ. ಕಾಳು ಅಳಿಸೋ ಲ್ಯೂಮಿನೆನ್ಸ್ ಸ್ಲೈಡರ್ 80ಕ್ಕೆ ಎಳೆದರೆ ಮುಖ ಮೇಣದ ಗೊಂಬೆ ಥರ ಆಗುತ್ತೆ, ಮುಂಗೈ ಮೇಲಿನ ಹಚ್ಚೆಯೇ ಅಳಿಸಿಹೋಯ್ತು. ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಫೈಲ್) ಇದೆ.

ಉತ್ತರ (ಹಾಸನ, ಸ್ಟುಡಿಯೋ): ರಾ ಇದೆಯಲ್ಲ, ಅರ್ಧ ಕೆಲಸ ಆದ ಹಾಗೇ. ಜೆಪೆಗ್ ಮುಟ್ಟಬೇಡಿ.

ತಪ್ಪು ಐಎಸ್‌ಒದ್ದಲ್ಲ, ಬೆಳಕೇ ಸಾಲದಾಗಿದ್ದು. ಮಳೆ ಶುರುವಾಗುವಾಗ ಅಂಗಳದಲ್ಲಿ ಹನಿ ಅಲ್ಲೊಂದು ಇಲ್ಲೊಂದು ಬೀಳುತ್ತೆ, ನೆಲ ಚುಕ್ಕೆ ಚುಕ್ಕೆ ಕಾಣುತ್ತೆ. ಜೋರಾಗಿ ಹೊಡೆದ ಮೇಲೆ ಎಲ್ಲ ಕಡೆ ಒಂದೇ ಸಮ ಒದ್ದೆ. ಸೆನ್ಸರ್ ಮೇಲೆ ಬೆಳಕು ಬೀಳೋದೂ ಹಾಗೇ. ನಿಮಗೆ ಸಿಕ್ಕಿದ್ದು ಮೊದಲ ಹನಿಗಳು ಮಾತ್ರ.

ಮೊದಲು ವೈಟ್ ಬ್ಯಾಲೆನ್ಸ್ ನೋಡಿ. ಇದನ್ನು ತುಂಬಾ ಜನ ಬಿಟ್ಟೇಬಿಡ್ತಾರೆ. ಎಣ್ಣೆದೀಪದ ಬೆಳಕಲ್ಲಿ ನೀಲಿ ಬಹಳ ಕಡಿಮೆ. ಬಿಳಿ ಸೆರಗು ಬಿಳಿಯಾಗಿಯೇ ಕಾಣಬೇಕು ಅಂತ ಟೆಂಪರೇಚರ್ ಕೆಳಗೆ ಎಳೆದಷ್ಟೂ ಸಾಫ್ಟ್‌ವೇರ್ ಆ ಇಲ್ಲದ ನೀಲಿಯನ್ನು ಹಿಗ್ಗಿಸುತ್ತೆ, ಜೊತೆಗೆ ಕಾಳೂ ಹಿಗ್ಗುತ್ತೆ. 3200ರಿಂದ 3600ರೊಳಗೆ ಬಿಟ್ಟು ನೋಡಿ. ದೀಪದ ಹಳದಿ ಇರಲಿ, ಅದು ಆ ಸಂಜೆಯ ಬಣ್ಣ.

ಆಮೇಲೆ ಎರಡು ಥರದ ನಾಯ್ಸನ್ನು (ಈ ಕಾಳು, ಚುಕ್ಕೆಗಳಿಗೇ ನಾಯ್ಸ್ ಅನ್ನೋದು) ಬೇರೆ ಬೇರೆಯಾಗಿ ನೋಡಿ. ಬಣ್ಣದ ಚುಕ್ಕೆಗೆ ಕಲರ್ ಸ್ಲೈಡರ್, 40ರ ಆಸುಪಾಸು ಏರಿಸಿದರೂ ಚರ್ಮಕ್ಕೆ ಏನೂ ಆಗಲ್ಲ. ಕಪ್ಪು-ಬಿಳಿ ಕಾಳಿಗೆ ಲ್ಯೂಮಿನೆನ್ಸ್, ಇದನ್ನು 20-25ಕ್ಕೆ ನಿಲ್ಲಿಸಿ. ಸುಕ್ಕು, ಹಚ್ಚೆ, ಕಾಳು ಎಲ್ಲ ಸಾಫ್ಟ್‌ವೇರ್ ಕಣ್ಣಿಗೆ ಒಂದೇ. ಕಾಳು ಸ್ವಲ್ಪ ಉಳಿದರೆ ಉಳಿಯಲಿ, ಅಜ್ಜಿ ಮುಖ ಅಜ್ಜಿ ಮುಖವಾಗಿರಲಿ. ಎಐ ಡೀನಾಯ್ಸ್ ಹಾಕೋದಾದರೆ 30ರಲ್ಲಿ ಶುರು ಮಾಡಿ, ಜಾಸ್ತಿಯಾದರೆ ಇಲ್ಲದ ರೆಪ್ಪೆಗೂದಲನ್ನೂ ಬರೆದುಬಿಡುತ್ತೆ. ದುಡ್ಡು ಕೊಡದೆ ಆಗಬೇಕು ಅಂದರೆ ಡಾರ್ಕ್‌ಟೇಬಲ್ ಇದೆ.

ಶಾರ್ಪನಿಂಗ್ ಕೊನೆಗೆ. ಆಲ್ಟ್ ಒತ್ತಿಕೊಂಡು ಮಾಸ್ಕಿಂಗ್ ಎಳೆಯಿರಿ. ಬಿಳಿ ಕಂಡ ಕಡೆ ಮಾತ್ರ ಶಾರ್ಪ್ ಆಗುತ್ತೆ. ಕಣ್ಣು, ಕೂದಲು, ಸೀರೆ ಅಂಚು ಬಿಳಿಯಾಗಿ, ಕೆನ್ನೆ ಕಪ್ಪಾಗಿ ಕಾಣುವವರೆಗೆ ಎಳೆದರೆ ಸಾಕು.

ಪ್ರಶ್ನೆ (ಮೂಡಿಗೆರೆ): ಹಚ್ಚೆ ವಾಪಸ್ ಬಂತು ಸಾರ್! ಆದರೆ ಹಿಂದಿನ ಕತ್ತಲಲ್ಲಿ ಅಡ್ಡಡ್ಡ ಗೆರೆ ಕಾಣ್ತಿವೆ.

ಉತ್ತರ: ಶ್ಯಾಡೋಸ್ ಏರಿಸಿದ್ದೀರಿ. ಆ ಗೆರೆ ಸೆನ್ಸರ್‌ದು, ನಾಯ್ಸ್ ಸ್ಲೈಡರ್‌ಗೆ ಬಗ್ಗಲ್ಲ. ಮುಖ, ಕೈ, ದೀಪಕ್ಕೆ ಮಾತ್ರ ಮಾಸ್ಕ್ ಹಾಕಿ ಎಕ್ಸ್‌ಪೋಷರ್ ಏರಿಸಿ, ಉಳಿದದ್ದಕ್ಕೆ ಬ್ಲ್ಯಾಕ್ಸ್ ಇಳಿಸಿ. ಹಿಂದಿನ ಕಾಫಿ ಗಿಡ ಕತ್ತಲಲ್ಲೇ ಇರಲಿ, ಅವತ್ತೂ ಹಾಗೇ ಇತ್ತಲ್ಲ.

ಇನ್ನೊಂದು, 100 ಪರ್ಸೆಂಟಿಗೆ ಝೂಮ್ ಮಾಡಿ ಕೊರಗಬೇಡಿ. ನಿಮ್ಮ ಫೈಲ್ 6000 ಪಿಕ್ಸೆಲ್ ಅಗಲ, 18 ಇಂಚಿಗೆ ಇಂಚೊಂದಕ್ಕೆ 333 ಪಿಕ್ಸೆಲ್ ಬೀಳುತ್ತೆ. ಅಷ್ಟು ಒತ್ತಾಗಿ ಬಿದ್ದಾಗ ಕಾಳು ಕಣ್ಣಿಗೆ ಸಿಗೋದು ಕಮ್ಮಿ. ಪೂರ್ತಿ ಪ್ರಿಂಟ್ ಹಾಕಿಸೋ ಮೊದಲು ಮುಖದ ಭಾಗವನ್ನಷ್ಟೇ ಅದೇ ಅಳತೆಯಲ್ಲಿ 4x6 ಪೇಪರ್ ಮೇಲೆ ತೆಗೆಸಿ, ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಪೇಪರ್ ಮ್ಯಾಟ್ ಇರಲಿ.

ಪ್ರಶ್ನೆ (ಬೇಲೂರು): ಅಣ್ಣಾ, ಚೆನ್ನಕೇಶವ ದೇವಸ್ಥಾನದ ನವರಂಗದಲ್ಲಿ (ಗರ್ಭಗುಡಿ ಮುಂದಿನ ಕಂಬಗಳ ಮಂಟಪ) ಮೊಬೈಲಲ್ಲಿ ತೆಗೆದರೂ ಇದೇ ಕಥೆ. ಟ್ರೈಪಾಡ್ ಒಯ್ಯೋ ಹಾಗಿಲ್ಲ.

ಉತ್ತರ: ಹೌದು, ಟ್ರೈಪಾಡ್‌ಗೆ ಪುರಾತತ್ವ ಇಲಾಖೆ ಅನುಮತಿ ಬೇಕು. ಆದರೆ ನಿಮಗೊಂದು ಅನುಕೂಲ ಇದೆ: ಕಂಬ ಅಲ್ಲಾಡಲ್ಲ. ಮೊಣಕೈ ಪಕ್ಕೆಗೆ ಒತ್ತಿಕೊಂಡು ಒಂದೇ ಜಾಗದಿಂದ 16 ಫೋಟೋ ತೆಗೆದು, ಫೋಟೋಶಾಪಲ್ಲಿ ಅಲೈನ್ ಮಾಡಿ ಸರಾಸರಿ ತೆಗೆದರೆ ನಾಯ್ಸ್ ಕಾಲುಭಾಗಕ್ಕೆ ಇಳಿಯುತ್ತೆ. ಕಾಳು ಪ್ರತಿ ಸಲ ಬೇರೆ ಜಾಗದಲ್ಲಿ ಬೀಳುತ್ತೆ, ಕಲ್ಲಿನ ಗೆರೆ ಇದ್ದಲ್ಲೇ ಇರುತ್ತೆ, ಅದಕ್ಕೆ. ನೈಟ್ ಮೋಡ್ ಒಳಗೊಳಗೇ ಮಾಡೋದೂ ಹೆಚ್ಚುಕಮ್ಮಿ ಇದೇ. ತಿರುಗಣೆ ಕಂಬದ ಉಂಗುರ ಉಂಗುರದ ಅಂಚು ಎಷ್ಟು ಚೊಕ್ಕವಾಗಿ ಬರುತ್ತೆ ನೋಡಿ. ನಡುವಿನ ಭುವನೇಶ್ವರಿಗಾದರೆ (ಕೆತ್ತನೆಯ ಒಳಮಾಳಿಗೆ), ಜನ ಇಲ್ಲದ ಹೊತ್ತಲ್ಲಿ ಕೆಳಗೆ ಕರವಸ್ತ್ರ ಹಾಸಿ, ಹಿಂದಿನ ಕ್ಯಾಮೆರಾ ಮೇಲಕ್ಕೆ ಬರೋ ಹಾಗೆ ಫೋನ್ ಬೋರಲು ಇಟ್ಟು, 10 ಸೆಕೆಂಡ್ ಟೈಮರ್ ಒತ್ತಿ ಪಕ್ಕಕ್ಕೆ ಸರಿಯಿರಿ.