ಲಾಬಿಗೆ ‘ವಕಾಲತ್ತು’ ಒಗ್ಗುತ್ತದೆಯೇ?

ಗೆಳೆಯರೇ,

ಅಮೆರಿಕದ ಸಂಸತ್ತಿನ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲಾಬಿ’ ಹತ್ತಿರ ಕೈ ನಿಂತಿದೆ.

ಪದ ನಮಗೆ ಹೊಸದೇನಲ್ಲ. ‘ಸಚಿವ ಸ್ಥಾನಕ್ಕೆ ಭಾರೀ ಲಾಬಿ’ ಅಂತ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆದರೆ ಅಲ್ಲಿ ಲಾಬಿ ಮಾಡುವವನು ಶಾಸಕನೇ, ಅದೂ ತನಗಾಗಿ. ಅಮೆರಿಕದಲ್ಲಿ ಉಲ್ಟಾ. ಕಂಪನಿಗಳಿಂದ ದುಡ್ಡು ಪಡೆದು ಸಂಸದರ ಬಳಿ ಹೋಗಿ ಮಾತಾಡುವುದೇ ಒಂದು ಕಸುಬು. 1995ರ ಕಾನೂನಿನಂತೆ ಇವರು ಹೆಸರು ನೋಂದಾಯಿಸಬೇಕು. ಯಾರ ಪರ, ಯಾವ ಮಸೂದೆಗೆ, ಎಷ್ಟು ದುಡ್ಡು ಅಂತ ಈಗ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. 2023ರಲ್ಲಿ ಈ ಬಾಬ್ತಿಗೆ ಖರ್ಚಾದದ್ದು 400 ಕೋಟಿ ಡಾಲರಿಗೂ ಜಾಸ್ತಿ.

‘ವಶೀಲಿ’ ಅಂದರೆ ಪರಿಚಯದ ಬಲ. ಇಲ್ಲಿ ಮುಖ್ಯವಾಗಿ ದುಡ್ಡಿನ ಬಲ. ‘ಮನವೊಲಿಕೆ’ಯಲ್ಲಿ ದುಡ್ಡಿನ ವಾಸನೆಯೇ ಇಲ್ಲ. ‘ದಲ್ಲಾಳಿ’ ಅಂದರೆ ವಿಚಾರಣೆಗೆ ಮುಂಚೆಯೇ ತೀರ್ಪು ಕೊಟ್ಟಂತೆ! ನನಗೆ ಹಿಡಿಸಿದ್ದು ‘ವಕಾಲತ್ತು’. ‘ಔಷಧ ಕಂಪನಿಗಳ ಪರ ವಕಾಲತ್ತು ವಹಿಸುವವರು’ ಅಂದರೆ ಯಾರಿಗಾದರೂ ತಿಳಿಯುತ್ತದೆ. ಕೋರ್ಟಿನ ನೆನಪು ಬರುತ್ತದೆ, ನಿಜ. ಆದರೆ ‘ಸುಮ್ನೆ ಅವನ ಪರ ವಕಾಲತ್ತು ಮಾಡಬೇಡ’ ಅಂತ ಮನೆಯಲ್ಲೂ ಬೈಯುತ್ತೇವೆ ಅಲ್ವಾ?

ಇನ್ನೊಂದು ತೊಡಕು ದುಡ್ಡಿನ ಹೆಸರುಗಳದ್ದು. ಇದೇ ವಕಾಲತ್ತಿನವರು ಸಂಸದನ ಚುನಾವಣೆಗೆ ಚೆಕ್ಕು ಬರೆದರೆ ಅದು ದೇಣಿಗೆ. ಅದೇ ಚೆಕ್ಕು ಕೊಡುವಾಗ ‘ಈ ಮಸೂದೆಗೆ ಹೀಗೆ ಮತ ಹಾಕಿ’ ಅಂತ ಮಾತು ಕುದುರಿಸಿಕೊಂಡರೆ ಲಂಚ. ಇಲ್ಲಿಯವರೆಗೆ ಸರಿ. ಆದರೆ ಅವರ ಕಾನೂನು ಮೂರನೆಯದೊಂದನ್ನೂ ಗುರುತಿಸುತ್ತದೆ: ಮೊದಲೇ ಯಾವ ಒಪ್ಪಂದವೂ ಇಲ್ಲದೆ, ಮಾಡಿಕೊಟ್ಟ ಕೆಲಸಕ್ಕೆ ಖುಷಿಪಟ್ಟು ಕೊಡುವುದು. ಸಂಸದ ತೆಗೆದುಕೊಂಡರೆ ಇದೂ ಅಪರಾಧವೇ. ಲಂಚಕ್ಕೆ 15 ವರ್ಷದವರೆಗೆ ಜೈಲು, ಇದಕ್ಕೆ 2 ವರ್ಷದವರೆಗೆ. ಶಿಕ್ಷೆಯಲ್ಲಿ ಇಷ್ಟು ಅಂತರ ಇರುವಾಗ ಎರಡನ್ನೂ ‘ಲಂಚ’ ಅಂದರೆ ಲೇಖನವೇ ಕುಸಿಯುತ್ತದೆ.

2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಇದೇ ಪ್ರಶ್ನೆ ಬಂದಿತ್ತು. ಇಂಡಿಯಾನಾದ ಒಬ್ಬ ಮಾಜಿ ಮೇಯರ್, ನಗರಕ್ಕೆ ಲಾರಿ ಮಾರಿದ ಕಂಪನಿಯಿಂದ ಆಮೇಲೆ 13,000 ಡಾಲರ್ ಪಡೆದಿದ್ದರು. ರಾಜ್ಯ ಮತ್ತು ಸ್ಥಳೀಯ ಅಧಿಕಾರಿಗಳ ಮೇಲಿನ ಕೇಂದ್ರದ ಲಂಚ ಕಾನೂನು ಇಂಥ ಹಣವನ್ನು ಮುಟ್ಟುವುದಿಲ್ಲ ಅಂತ ಕೋರ್ಟು ಹೇಳಿತು. ಸಂಸದರಿಗೆ ಇರುವ ಕಾನೂನು ಬೇರೆ, ಅದು ಹಾಗೇ ಇದೆ.

ಇದಕ್ಕೆ ‘ಭಕ್ಷೀಸು’ ಅನ್ನಲೇ? ಅದು ಸಣ್ಣ ಚಿಲ್ಲರೆ ಕಾಸಿನಂತೆ ಕೇಳಿಸುತ್ತದೆ. ‘ಇನಾಮು’ ಅಂದರೆ ಗೌರವ ಜಾಸ್ತಿಯಾಯಿತು. ‘ಗಿಂಬಳ’ದಲ್ಲಿ ಲಂಚವೂ ಸೇರಿಹೋಗಿದೆ. ಸದ್ಯಕ್ಕೆ ಭಕ್ಷೀಸು ಅಂತಲೇ ಬರೆದಿಟ್ಟಿದ್ದೇನೆ. ಕೆಲಸ ಆದಮೇಲೆ ಕೊಡುವ ದುಡ್ಡಿಗೆ ನಿಮ್ಮ ಕಡೆ ಬೇರೆ ಪದ ಇದ್ದರೆ, ಬಳಸುವ ವಾಕ್ಯದ ಜೊತೆಗೇ ತಿಳಿಸಿ.