‘ಓಪನ್ ದಿ ಮಷೀನ್’ ಎಂದರೆ ಮುಚ್ಚಳ ಬಿಚ್ಚಬೇಕೇ?

ಉದ್ಯಮಬಾಗ್ ಫಿಟ್ಟರ್, ಬೆಳಗಾವಿ
ನಮ್ಮ ಕಾರ್ಖಾನೆಗೆ ಚೀನಾದಿಂದ ಲೇಥ್ ಬಂದಿದೆ. ಜೋಡಿಸುವ ದಿನ ಅಲ್ಲಿಯ ಎಂಜಿನಿಯರ್ ವಿಡಿಯೊ ಕರೆಯಲ್ಲಿ ‘ಓಪನ್ ದಿ ಮಷೀನ್’ ಎಂದ. ನಾನು ಪಾನಾ ಹಿಡಿದು ಹಿಂದಿನ ಮುಚ್ಚಳದ ಮೂರು ಬೋಲ್ಟ್ ಬಿಚ್ಚಿದೆ. ಆತ ‘ನೋ, ನೋ, ಓಪನ್!’ ಎಂದು ಕೂಗಿದ. ಬೇಡವೆಂದು ಕೈ ಬೀಸುತ್ತಲೇ ಮತ್ತೆ ಓಪನ್ ಎಂದರೆ ಮನುಷ್ಯ ಏನು ಮಾಡಬೇಕು? ನಾಲ್ಕನೆಯದನ್ನೂ ಬಿಚ್ಚಿದೆ. ಅವನಿಗೆ ಬೇಕಾಗಿದ್ದದ್ದು ಸ್ವಿಚ್ ಹಾಕುವುದಷ್ಟೇ.

ಈಗ ಗೆಳೆಯನಾಗಿದ್ದಾನೆ. ರವಿವಾರ ತನ್ನ ಇಂಗ್ಲಿಷ್ ತಿದ್ದಿಕೊಡು ಎನ್ನುತ್ತಾನೆ. ಬಾಗಿಲಿಗೂ ಓಪನ್, ದೀಪಕ್ಕೂ ಓಪನ್, ಕಾರಿಗೂ ಓಪನ್. ನನ್ನದು ಐಟಿಐ ಇಂಗ್ಲಿಷ್. ಹೇಗೆ ಹೇಳಿಕೊಡಲಿ?

ಗೋಳಗುಮ್ಮಟದ ಡಾಕ್ಟರ್, ವಿಜಯಪುರ
ಚೀನಾದಲ್ಲಿ ವೈದ್ಯಕೀಯ ಓದಿದವನು ನಾನು. ತಪ್ಪು ಅವನ ‘ಖಾಯ್’ ಎಂಬ ಕ್ರಿಯಾಪದದ್ದು. ಖಾಯ್ ಮನ್ ಎಂದರೆ ಬಾಗಿಲು ತೆರೆ, ಖಾಯ್ ಡಂಗ್ ಎಂದರೆ ದೀಪ ಹಾಕು, ಖಾಯ್ ಛ ಎಂದರೆ ಗಾಡಿ ಓಡಿಸು. ಸಭೆ ನಡೆಸುವುದಕ್ಕೂ ಹೂವು ಅರಳುವುದಕ್ಕೂ ಅದೇ. ಹಾಸ್ಟೆಲಿನಲ್ಲಿ ನಾನು ಮೊದಲು ಕಲಿತದ್ದು ಖಾಯ್ ಶ್ವೇ, ಕುದಿಸಿದ ನೀರು. ಚಹಾ ಇಲ್ಲದೆ ಬದುಕಲಾಗದವನಿಗೆ ಅಷ್ಟು ಸಾಕಿತ್ತು.

ನಿವೃತ್ತ ಮಾಸ್ತರ, ಬಾಗಲಕೋಟೆ
ನಗುವ ಮುಂಚೆ ನಮ್ಮ ‘ಹಚ್ಚು’ ನೋಡಿಕೊಳ್ಳಿ. ದೀಪ ಹಚ್ಚು, ಫ್ಯಾನ್ ಹಚ್ಚು, ಫೋನ್ ಹಚ್ಚು, ತಲೆಗೆ ಎಣ್ಣೆ ಹಚ್ಚು, ಮಗನನ್ನು ಶಾಲೆಗೆ ಹಚ್ಚು. ನಿಮ್ಮ ಊರಿನ ಮರಾಠಿಯವರ ‘ಲಾವ್’ ಕೂಡ ಇದೇ ಜಾತಿಯದು. ಅವನಿಗೆ ಇದನ್ನೇ ಹೇಳಿ, ನಾಚಿಕೆ ಬಿಡುತ್ತಾನೆ.

ಬಾಗಿಲು, ಬಾಟಲಿ, ಛತ್ರಿ, ಕಂಪ್ಯೂಟರಿನ ಫೈಲ್: ಮುಚ್ಚಿದ್ದನ್ನು ತೆರೆದರೆ ಓಪನ್. ಕರೆಂಟು, ಗ್ಯಾಸು, ನೀರು ಹರಿಯಬೇಕಾದರೆ ಟರ್ನ್ ಆನ್. ಹಾಗಾಗಿ ನಳಕ್ಕೂ ಅದೇ. ಕಾರಿಗೆ ಡ್ರೈವ್. ಒಂದು ಕೊಕ್ಕೆ ಇದೆ: ‘ಟರ್ನ್ ಆನ್ ದಿ ಲೈಟ್’ ಸರಿ, ಆದರೆ ಲೈಟ್ ಜಾಗಕ್ಕೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು, ‘ಟರ್ನ್ ಇಟ್ ಆನ್’. ಇಲ್ಲಿ ನನ್ನ ಹತ್ತನೆಯ ತರಗತಿಯವರೂ ವರ್ಷವರ್ಷವೂ ಎಡವುತ್ತಿದ್ದರು.

ಉದ್ಯಮಬಾಗ್ ಫಿಟ್ಟರ್
‘ಹಚ್ಚು’ ಹೇಳಿದೆ, ಬಿದ್ದು ಬಿದ್ದು ನಕ್ಕ. ಆದರೆ ಹೊರಡುವಾಗ ‘ಕ್ಲೋಸ್ ದಿ ಲೈಟ್’ ಎಂದ. ತಿದ್ದಲು ಬಾಯಿ ತೆರೆದವನು ತಡೆದೆ; ನಾವೂ ಬಾಗಿಲು ಬಂದ್ ಮಾಡು, ಫ್ಯಾನ್ ಬಂದ್ ಮಾಡು ಎನ್ನುತ್ತೇವಲ್ಲ. ಅದಕ್ಕೆ ಟರ್ನ್ ಆಫ್ ಎನ್ನಲೇ, ಸರ್?

ನಿವೃತ್ತ ಮಾಸ್ತರ
ಹೌದು. ಆ ನಾಲ್ಕು ಬೋಲ್ಟ್ ಮರಳಿ ಹಾಕಿದಿರಾ?

ಉದ್ಯಮಬಾಗ್ ಫಿಟ್ಟರ್
ಮೂರು ಹಾಕಿದ್ದೇನೆ. ಒಂದನ್ನು ಹುಡುಕುತ್ತಿದ್ದೇನೆ.